ಆಡುವವರು ಒಬ್ಬರು, ನೋಡುವವರು ಮುನ್ನೂರು: ರಂಗದ ಮೇಲೆ ಇಂಡಿ ಗೇಮ್

ಕಲಾ ಉತ್ಸವಗಳಲ್ಲಿ ಇಂಡಿ ಗೇಮ್‌ಗೆ, ಅಂದರೆ ಸಣ್ಣ ಸ್ವತಂತ್ರ ತಂಡಗಳು ಮಾಡುವ ವಿಡಿಯೊ ಗೇಮ್‌ಗೆ, ಸಾಮಾನ್ಯವಾಗಿ ಸಿಗುವ ಜಾಗ ಸಭಾಂಗಣದ ಹೊರಗಿನ ಮೊಗಸಾಲೆ. ಅಲ್ಲಿ ಒಂದು ಮೇಜು, ಒಂದು ಲ್ಯಾಪ್‌ಟಾಪ್, ಸುತ್ತ ನಿಂತ ಹುಡುಗರು ಇರುತ್ತಾರೆ. ಒಳಗಿನ ವೇದಿಕೆ ನಾಟಕಕ್ಕೆ ಮೀಸಲು. ಇವೆರಡನ್ನೂ ಒಂದೇ ವೇದಿಕೆಗೆ ತರುವ ಪ್ರಯೋಗಗಳು ಹೊರದೇಶಗಳ ಉತ್ಸವಗಳಲ್ಲಿ ಬಹಳ ಕಾಲದಿಂದ ನಡೆಯುತ್ತಿದ್ದು, ಈಚೆಗೆ ತುಮಕೂರಿನ ಕಾಲೇಜು ರಂಗತಂಡಗಳವರೂ ಅದರ ಬಗ್ಗೆ ವಿಚಾರಿಸತೊಡಗಿದ್ದಾರೆ. ಬೆಳಕು ಮತ್ತು ಧ್ವನಿಯ ಕೆಲಸ ಮಾಡುವ ನನ್ನ ಬಳಿಗೆ ಅವರು ಬರುವುದು ಪ್ರೊಜೆಕ್ಟರ್ ಎಷ್ಟು ಲ್ಯೂಮೆನ್‌ನದಾಗಿರಬೇಕು (ಲ್ಯೂಮೆನ್ ಬೆಳಕಿನ ಅಳತೆ) ಎಂದು ಕೇಳಲು. ಅದಕ್ಕೆ ಉತ್ತರ ಹೇಳುವ ಮೊದಲು ನಾನು ಅವರನ್ನು ಕೇಳುವ ಪ್ರಶ್ನೆಯೊಂದಿದೆ: ಒಬ್ಬರು ಆಡುತ್ತಿರುವಾಗ ಉಳಿದವರು ಏನು ಮಾಡುತ್ತಿರುತ್ತಾರೆ?

ಕೆನಡಾದ ಪ್ಯಾಟ್ರಿಕ್ ಬ್ಲೆಂಕಾರ್ನ್ ಮತ್ತು ಮಿಲ್ಟನ್ ಲಿಮ್ ರೂಪಿಸಿದ ‘ಆ್ಯಸಸ್ ಮ್ಯಾಸಸ್’ ಈ ಪ್ರಶ್ನೆಗೆ ಸಿಕ್ಕಿರುವ ಅತ್ಯಂತ ಧೈರ್ಯದ ಉತ್ತರ. ವೇದಿಕೆಯ ಮೇಲೆ ನಟರೇ ಇಲ್ಲ. ಒಂದು ದೊಡ್ಡ ಪರದೆ, ಅದರ ಮುಂದೆ ಒಂದೇ ಒಂದು ಕಂಟ್ರೋಲರ್ (ಗೇಮ್ ಆಡಲು ಕೈಯಲ್ಲಿ ಹಿಡಿಯುವ ಗುಂಡಿಗಳ ಸಾಧನ) ಮಾತ್ರ ಇದೆ. ಯಂತ್ರಗಳು ಬಂದ ಮೇಲೆ ಕೆಲಸ ಕಳೆದುಕೊಂಡ ಕತ್ತೆಗಳು ತಮ್ಮ ದುಡಿಮೆಯನ್ನು ಮರಳಿ ಕೇಳುವ ಕಥೆ ಆ ಗೇಮ್‌ನದು. ಪ್ರೇಕ್ಷಕರಲ್ಲಿ ಯಾರಾದರೊಬ್ಬರು ತಾವಾಗಿಯೇ ಎದ್ದು ಬಂದು ಕಂಟ್ರೋಲರ್ ಹಿಡಿಯಬೇಕು, ಸಾಕೆನಿಸಿದಾಗ ಬಿಟ್ಟುಕೊಡಬೇಕು. ಹತ್ತು ಕಂತುಗಳ ಈ ಪ್ರದರ್ಶನ ವಿರಾಮ ಮತ್ತು ಊಟವೂ ಸೇರಿ ಏಳು ಗಂಟೆಗೂ ಮೀರುತ್ತದೆ. ಮೊದಮೊದಲು ಸುಮ್ಮನಿದ್ದ ಸಭೆ ಸ್ವಲ್ಪ ಹೊತ್ತಿನಲ್ಲೇ ಎಡಕ್ಕೆ ಹೋಗು, ಬಲಕ್ಕೆ ಹೋಗು ಎಂದು ಕೂಗತೊಡಗುತ್ತದೆ; ಆಡುವವನು ಆ ಕೂಗನ್ನು ಕೇಳುತ್ತಾನೋ ಇಲ್ಲವೋ ಎಂಬುದೇ ಅಂದಿನ ನಾಟಕವಾಗುತ್ತದೆ.

ಏಳು ಗಂಟೆ ಎಂದರೆ ನಗರದ ಪ್ರೇಕ್ಷಕರು ಗಾಬರಿಯಾಗಬಹುದು. ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಹಬ್ಬ ಜಾತ್ರೆಗಳಿಗೆ ನಡೆಯುವ ‘ಕುರುಕ್ಷೇತ್ರ’ ನಾಟಕ ಬೆಳಗಿನ ಜಾವದವರೆಗೂ ಸಾಗುವುದನ್ನು ಬಲ್ಲವರಿಗೆ ಅದು ದೊಡ್ಡ ಸಂಗತಿಯಲ್ಲ. ಅದಕ್ಕಿಂತ ಮುಖ್ಯವಾದ ಇನ್ನೊಂದು ಹೋಲಿಕೆ ನನ್ನ ಗಮನ ಸೆಳೆದಿದೆ. ಈ ಪೌರಾಣಿಕ ನಾಟಕಗಳಲ್ಲಿ ಪಾತ್ರಧಾರಿಗಳು ತಮ್ಮ ಪಾತ್ರಕ್ಕೆ ತಾವೇ ದುಡ್ಡು ಕಟ್ಟುತ್ತಾರೆ, ಹಾಗೂ ಕೃಷ್ಣ, ದುರ್ಯೋಧನರಂಥ ದೊಡ್ಡ ಪಾತ್ರಗಳನ್ನು ಒಂದೇ ರಾತ್ರಿಯಲ್ಲಿ ಇಬ್ಬರು ಮೂವರು ಹಂಚಿಕೊಳ್ಳುತ್ತಾರೆ. ಒಂದನೇ ಕೃಷ್ಣ ಒಳಗೆ ಹೋದ ಮೇಲೆ ಎರಡನೇ ಕೃಷ್ಣ ಬರುತ್ತಾನೆ. ಮೈಕಟ್ಟು ಬೇರೆ, ಕಂಠ ಬೇರೆ, ಆದರೂ ಪ್ರೇಕ್ಷಕರಿಗೆ ಯಾವ ಗೊಂದಲವೂ ಆಗುವುದಿಲ್ಲ. ಇಬ್ಬರನ್ನೂ ತೂಗಿ ನೋಡುವುದೇ ಅವರಿಗೆ ಅರ್ಧ ಸುಖ. ಕಂದವನ್ನು ಚೆನ್ನಾಗಿ ಹಾಡಿದರೆ ‘ಒನ್ಸ್ ಮೋರ್’ ಎಂದು ಕೂಗಿ ಕಥೆಯನ್ನೇ ನಿಲ್ಲಿಸಿ ಹಿಂದಕ್ಕೆ ತಿರುಗಿಸುವ ಅಧಿಕಾರವೂ ಅವರಿಗಿದೆ. ಒಂದೇ ಪಾತ್ರ ಕೈಯಿಂದ ಕೈಗೆ ದಾಟುವುದನ್ನು, ಸಭೆ ಆಟದ ಗತಿಯಲ್ಲಿ ಕೈ ಹಾಕುವುದನ್ನು ಇಷ್ಟು ಸಹಜವಾಗಿ ಒಪ್ಪಿಕೊಂಡ ಪ್ರೇಕ್ಷಕವರ್ಗ ಇರುವ ಊರುಗಳಲ್ಲಿ ಕಂಟ್ರೋಲರ್ ದಾಟಿಸುವ ನಾಟಕ ಪರಕೀಯವಾಗಬೇಕಾದ ಕಾರಣವಿಲ್ಲ ಎಂಬುದು ನನ್ನ ನಂಬಿಕೆ.

ಇದಕ್ಕೆ ವಿರುದ್ಧವಾದ ಮಾರ್ಗವೂ ಒಂದಿದೆ. ಜರ್ಮನಿಯ ರಿಮಿನಿ ಪ್ರೊಟೊಕೋಲ್ ತಂಡವು 2010ರಲ್ಲಿ ವ್ಯಾಂಕೂವರ್‌ನ ಪುಶ್ ಉತ್ಸವದಲ್ಲಿ ತೋರಿಸಿದ ‘ಬೆಸ್ಟ್ ಬಿಫೋರ್’ ಪ್ರದರ್ಶನದಲ್ಲಿ ಸುಮಾರು 200 ಪ್ರೇಕ್ಷಕರಿಗೂ ಒಂದೊಂದು ಕಂಟ್ರೋಲರ್ ಕೊಡಲಾಗಿತ್ತು. ಪರದೆಯ ಮೇಲಿನ ದೇಶವೊಂದರಲ್ಲಿ ಪ್ರತಿಯೊಬ್ಬರಿಗೂ ಒಂದು ಪುಟ್ಟ ಆಕೃತಿ, ಅದಕ್ಕೊಂದು ಬದುಕು. ವೇದಿಕೆಯ ಮೇಲೆ ಗೇಮ್ ಪರೀಕ್ಷಕ, ರಸ್ತೆ ಕಾಮಗಾರಿಯಲ್ಲಿ ಬಾವುಟ ಹಿಡಿದು ವಾಹನ ನಿಲ್ಲಿಸುವಾಕೆ ಮುಂತಾದ ನಿಜಜೀವನದ ಜನರು. ಆಲೋಚನೆ ಸೊಗಸಾಗಿದೆ. ಆದರೆ ಇನ್ನೂರು ಮಂದಿ ಏಕಕಾಲಕ್ಕೆ ಆಡುವಾಗ ನನ್ನ ಆಕೃತಿ ಯಾವುದೆಂದು ಹುಡುಕುವುದರಲ್ಲೇ ಕಣ್ಣು ಸೋಲುತ್ತದೆ, ಪಕ್ಕದವರ ಆಯ್ಕೆ ಮನಸ್ಸಿಗೆ ತಟ್ಟುವುದಿಲ್ಲ. ಒಬ್ಬ ವ್ಯಕ್ತಿ ಎಲ್ಲರೆದುರು ನಿಂತು ತಡವರಿಸುವುದನ್ನು ನೋಡುವಾಗ ಹುಟ್ಟುವ ಬಿಗಿ ಅಲ್ಲಿ ಹರಡಿ ತೆಳುವಾಗುತ್ತದೆ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ ಎಂದರೆ ನಾನು ಒಂದೇ ಕಂಟ್ರೋಲರ್‌ನ ಪಕ್ಷ. ನಮ್ಮ ತಂಡಗಳ ಖರ್ಚಿನ ದೃಷ್ಟಿಯಿಂದಲೂ ಅದೇ ಸರಿ.

ಒಂದೇ ಕಂಟ್ರೋಲರ್ ಎಂದು ನಿರ್ಧರಿಸಿದ ಕೂಡಲೇ ಬೆಳಕಿನವನಿಗೆ ಕೆಲಸ ಶುರುವಾಗುತ್ತದೆ. ಆಡುವವರು ಪರದೆಯ ಕಡೆಗೆ ಮುಖ ಮಾಡಿರುವುದರಿಂದ ಸಭೆಗೆ ಕಾಣುವುದು ಅವರ ಬೆನ್ನು. ಬೆನ್ನು ಮಾತಾಡಬಲ್ಲದು, ಭುಜ ಬಿಗಿಯುವುದು, ತಲೆ ವಾಲುವುದು, ಕಾಲು ಬದಲಿಸುವುದು ಎಲ್ಲವೂ ಅಭಿನಯವೇ. ಮುಂದಿನಿಂದ ಲೈಟ್ ಹಾಕಿದರೆ ಪರದೆ ಮಂಕಾಗುತ್ತದೆ, ಹಾಕದೆ ಬಿಟ್ಟರೆ ಆಡುವವರು ಕಪ್ಪು ಆಕೃತಿಯಾಗುತ್ತಾರೆ. ಎರಡೂ ವಿಂಗ್‌ಗಳಿಂದ (ವೇದಿಕೆಯ ಪಕ್ಕದ ಮರೆಗಳಿಂದ) ತಗ್ಗಿಸಿದ ಅಡ್ಡ ಬೆಳಕು, ಜೊತೆಗೆ ಪರದೆಯನ್ನು ಆದಷ್ಟು ಹಿಂದಕ್ಕೆ ಸರಿಸುವುದು ನಾನು ಅನುಸರಿಸುವ ಕ್ರಮ. ಇಷ್ಟು ಮಾಡಿಕೊಂಡರೆ ಮಧ್ಯಮ ಗಾತ್ರದ ಸಭಾಂಗಣದಲ್ಲಿ 5000 ಲ್ಯೂಮೆನ್ ಆಸುಪಾಸಿನ ಪ್ರೊಜೆಕ್ಟರ್ ಸಾಕಾಗುತ್ತದೆ. ಮಾಡಿಕೊಳ್ಳದಿದ್ದರೆ ಅದರ ಎರಡರಷ್ಟಿದ್ದರೂ ಪರದೆ ಮಂಕಾಗಿಯೇ ಇರುತ್ತದೆ.

ನಾಟಕ ಮತ್ತು ಗೇಮ್ ನಿಜವಾಗಿ ಡಿಕ್ಕಿ ಹೊಡೆಯುವುದು ಕಾಲದ ವಿಷಯದಲ್ಲಿ. ನಾಟಕದಲ್ಲಿ ಬೆಳಕಿನ ಕ್ಯೂ, ಅಂದರೆ ಬೆಳಕು ಬದಲಿಸುವ ಸೂಚನೆ, ಒಂದು ಮಾತಿಗೋ ಒಂದು ಹೆಜ್ಜೆಗೋ ಕಟ್ಟಿರುತ್ತದೆ. ತಾಲೀಮಿನಲ್ಲಿ ಎಷ್ಟು ಹೊತ್ತಾಯಿತೋ ಪ್ರದರ್ಶನದಲ್ಲಿಯೂ ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ. ಗೇಮ್‌ನಲ್ಲಿ ಹಾಗಲ್ಲ. ಎದುರಿಗೆ ಬಾಗಿಲಿದ್ದರೂ ಅದನ್ನು ಬಾಗಿಲೆಂದು ಗುರುತಿಸದೆ ಒಬ್ಬರು ಐದು ನಿಮಿಷ ಗೋಡೆಗೆ ಗುದ್ದುತ್ತಾ ನಿಲ್ಲಬಹುದು, ಇನ್ನೊಬ್ಬರು ಐದು ಸೆಕೆಂಡಿನಲ್ಲಿ ದಾಟಬಹುದು. ಆದ್ದರಿಂದ ಕ್ಯೂಗಳನ್ನು ಗಡಿಯಾರಕ್ಕೆ ಕಟ್ಟದೆ ಗೇಮ್‌ನೊಳಗಿನ ಘಟನೆಗಳಿಗೆ ಕಟ್ಟಬೇಕಾಗುತ್ತದೆ. ಬಾಗಿಲು ತೆರೆದ ಕ್ಷಣದಲ್ಲಿ ಗೇಮ್ ಒಂದು ಒಎಸ್‌ಸಿ (ತಂತ್ರಾಂಶಗಳು ಪರಸ್ಪರ ಸೂಚನೆ ಕಳಿಸುವ ಕ್ರಮ) ಸಂದೇಶವನ್ನು ನೆಟ್‌ವರ್ಕ್ ಮೂಲಕ ಕಳಿಸುತ್ತದೆ, ಕ್ಯುಎಲ್‌ಸಿ ಪ್ಲಸ್‌ನಂಥ ಉಚಿತ ತಂತ್ರಾಂಶ ಅದನ್ನು ಡಿಎಂಎಕ್ಸ್ ಆಗಿ, ಅಂದರೆ ರಂಗದ ದೀಪಗಳನ್ನು ನಿಯಂತ್ರಿಸುವ ಸಂಕೇತವಾಗಿ ಬದಲಿಸಿ, ಬೆಳಕನ್ನು ಏರಿಸಿ ಇಳಿಸುವ ಡಿಮ್ಮರ್‌ಗಳಿಗೆ ಮುಟ್ಟಿಸುತ್ತದೆ. ಡಿಎಂಎಕ್ಸ್‌ನ ಒಂದು ಜಾಲದಲ್ಲಿ 512 ಚಾನೆಲ್‌ಗಳಿರುವುದರಿಂದ ನಮ್ಮ ಸಾಮಾನ್ಯ ಅಗತ್ಯಕ್ಕೆ ಒಂದೇ ಧಾರಾಳವಾಯಿತು.

ಹಾಗೆಂದು ಎಲ್ಲವನ್ನೂ ಯಂತ್ರಕ್ಕೆ ಒಪ್ಪಿಸುವುದು ನನಗೆ ಒಪ್ಪಿಗೆಯಿಲ್ಲ. ಬಾಗಿಲು ತೆರೆದಿದ್ದು ಕಂಪ್ಯೂಟರ್‌ಗೆ ಗೊತ್ತಾಗುತ್ತದೆ, ಬಾಗಿಲ ಮುಂದೆ ನಿಂತವರು ಹೆದರಿದ್ದಾರೋ ಬೇಸತ್ತಿದ್ದಾರೋ ಗೊತ್ತಾಗುವುದಿಲ್ಲ. ಸಂಗೀತದಲ್ಲಿ ಇದು ಇನ್ನೂ ಸ್ಪಷ್ಟ. ಆಡುವವರ ಗತಿಗೆ ತಕ್ಕಂತೆ ಸಂಗೀತ ತಾನೇ ಬದಲಾಗುವ ವ್ಯವಸ್ಥೆಯನ್ನು ಅಮೆರಿಕದ ಲ್ಯೂಕಾಸ್‌ಆರ್ಟ್ಸ್ ಕಂಪನಿಯವರು ‘ಐಮ್ಯೂಸ್’ ಹೆಸರಿನಲ್ಲಿ 1991ರಲ್ಲೇ ಬಳಕೆಗೆ ತಂದಿದ್ದರು. ಇಂದಿನ ಗೇಮ್‌ಗಳಲ್ಲಿ ಅಂಥ ಉಪಾಯಗಳು ಸಾಮಾನ್ಯವಾಗಿವೆ. ಆದರೆ ಹಳ್ಳಿಯ ನಾಟಕದಲ್ಲಿ ಹಾರ್ಮೋನಿಯಂ ಮುಂದೆ ಕೂತ ಡ್ರಾಮಾ ಮೇಷ್ಟ್ರು ಮಾಡುವುದೂ ಅದೇ ಕೆಲಸ. ಭೀಮನ ಬಣ್ಣ ಇನ್ನೂ ಮುಗಿದಿಲ್ಲವೆಂದು ವಿಂಗ್‌ನಿಂದ ಸನ್ನೆ ಬಂದರೆ ಅವರು ಅದೇ ರಾಗವನ್ನು ಎಷ್ಟು ಹೊತ್ತು ಬೇಕಾದರೂ ಹಿಗ್ಗಿಸುತ್ತಾರೆ, ನಟ ಸಾಲು ಮರೆತರೆ ಶ್ರುತಿ ಹಿಡಿದು ಕಾಯುತ್ತಾರೆ, ಸಭೆ ಸಡಿಲವಾದರೆ ತಬಲಾದವರಿಗೆ ಕಣ್ಣಲ್ಲೇ ಹೇಳಿ ಲಯ ಏರಿಸುತ್ತಾರೆ. ಗೇಮ್ ಪ್ರದರ್ಶನಕ್ಕೆ ರೆಕಾರ್ಡ್ ಮಾಡಿದ ಸಂಗೀತವನ್ನು ತೆಗೆದುಹಾಕಿ ಇಂಥ ಒಬ್ಬರನ್ನು ವೇದಿಕೆಯ ಪಕ್ಕ, ಸಭೆಗೆ ಕಾಣುವಂತೆ ಕೂರಿಸಿ ಎಂದು ನಾನು ಪ್ರತಿ ತಂಡಕ್ಕೂ ಹೇಳುತ್ತೇನೆ. ಗೋಡೆಗೆ ಗುದ್ದುತ್ತಿರುವ ಐದು ನಿಮಿಷವನ್ನು ಹಾರ್ಮೋನಿಯಂ ಹಾಸ್ಯವಾಗಿಸಬಲ್ಲದು, ಆತಂಕವಾಗಿಸಬಲ್ಲದು. ಧ್ವನಿ ಕಡತ ಅದೇ ತುಣುಕನ್ನು ಮತ್ತೆ ಮತ್ತೆ ನುಡಿಸುತ್ತದೆ.

ಸಲಕರಣೆಯ ಬಗ್ಗೆ ಕೆಲವು ಮಾತು. ಸೆಕೆಂಡಿಗೆ 60 ಚಿತ್ರ ತೋರುವ ಗೇಮ್‌ನಲ್ಲಿ ಒಂದೊಂದು ಚಿತ್ರದ ಅವಧಿ ಸುಮಾರು 16.7 ಮಿಲಿಸೆಕೆಂಡ್. ಬಾಡಿಗೆಗೆ ಸಿಗುವ ಅನೇಕ ಪ್ರೊಜೆಕ್ಟರ್‌ಗಳು ಚಿತ್ರವನ್ನು ತಿದ್ದಿ ತೋರಿಸುವುದಕ್ಕೆ ಹಲವು ಚಿತ್ರಗಳಷ್ಟು ಕಾಲ ತಡ ಮಾಡುತ್ತವೆ, ಓರೆಯಾಗಿಟ್ಟು ಕೀಸ್ಟೋನ್ (ಓರೆಯಿಂದ ಸೊಟ್ಟಗಾದ ಚಿತ್ರದ ಚೌಕಟ್ಟು) ಸರಿಪಡಿಸಿದರೆ ಆ ತಡ ಇನ್ನೂ ಹೆಚ್ಚಬಹುದು. ಗುಂಡಿ ಒತ್ತಿದ್ದಕ್ಕೂ ಕತ್ತೆ ಹಾರಿದ್ದಕ್ಕೂ ನಡುವೆ ಅಂತರ ಕಂಡರೆ ಆಡುವವರು ತಮ್ಮನ್ನೇ ದೂರಿಕೊಳ್ಳುತ್ತಾರೆ. ಪ್ರೊಜೆಕ್ಟರನ್ನು ಪರದೆಗೆ ನೇರವಾಗಿಡಿ, ಈ ತಡವನ್ನು ತಗ್ಗಿಸುವ ಗೇಮ್ ಮೋಡ್ ಅದರಲ್ಲಿದ್ದರೆ ಹಾಕಿ. ಹಿಂದಿನ ಕಂಟ್ರೋಲ್ ರೂಮಿನಿಂದ ವೇದಿಕೆಯವರೆಗೆ ಸಾದಾ ಎಚ್‌ಡಿಎಂಐ ಕೇಬಲ್ ಎಳೆಯುವುದು ಬೇಡ, ಹತ್ತು ಹದಿನೈದು ಮೀಟರ್ ದಾಟಿದ ಮೇಲೆ ಅದನ್ನು ನಂಬುವಂತಿಲ್ಲ. ವೈರ್‌ಲೆಸ್ ಕಂಟ್ರೋಲರ್ ಖಾಲಿ ಹಾಲ್‌ನಲ್ಲಿ ಚೆನ್ನಾಗಿಯೇ ನಡೆಯುತ್ತದೆ. ಮುನ್ನೂರು ಜನರ ಜೇಬಿನಲ್ಲಿ ಬ್ಲೂಟೂತ್ ಮತ್ತು ವೈಫೈ ಜೀವಂತವಾಗಿರುವಾಗ ಅವು ಬಳಸುವ ಅದೇ 2.4 ಗಿಗಾಹರ್ಟ್ಸ್ ಆವರ್ತನದಲ್ಲಿ ಅದು ತಡವರಿಸಬಹುದು. ವೈರ್ ಇರುವುದೇ ಲೇಸು. ಕರೆಂಟಿನ ವಿಷಯ ಗೊತ್ತೇ ಇದೆ: ಕಂಪ್ಯೂಟರ್‌ಗೂ ಪ್ರೊಜೆಕ್ಟರ್‌ಗೂ ಯುಪಿಎಸ್, ಪ್ರತಿ ದೃಶ್ಯದ ಆರಂಭದಲ್ಲಿ ತಾನಾಗಿ ಸೇವ್ ಆಗುವ ವ್ಯವಸ್ಥೆ, ಇವೆರಡೂ ಇಲ್ಲದೆ ಪ್ರದರ್ಶನಕ್ಕೆ ಇಳಿಯಬಾರದು.

ಕನ್ನಡದಲ್ಲಿ ಗೇಮ್ ಮಾಡುವವರು ಅಕ್ಷರಗಳನ್ನು ಮೊದಲ ದಿನವೇ ಪರೀಕ್ಷಿಸಬೇಕು. ಗೇಮ್ ಕಟ್ಟುವ ತಂತ್ರಾಂಶವಾದ ಯೂನಿಟಿಯಲ್ಲಿ ಅಕ್ಷರ ತೋರಿಸಲು ವ್ಯಾಪಕವಾಗಿ ಬಳಕೆಯಲ್ಲಿರುವ ಟೆಕ್ಸ್ಟ್‌ಮೆಶ್ ಪ್ರೊ ನಮ್ಮ ಒತ್ತಕ್ಷರಗಳನ್ನು ಸರಿಯಾಗಿ ಕೂಡಿಸುವುದಿಲ್ಲ, ‘ಅಕ್ಕ’ ಒಡೆದು ಅರ್ಧಾಕ್ಷರವಾಗಿ ನಿಲ್ಲುತ್ತದೆ. 2023ರ ಮಾರ್ಚ್‌ನಲ್ಲಿ ಬಂದ ಗೋಡೋ 4 ಎಂಬ, ಗೇಮ್ ಕಟ್ಟುವ ಮುಕ್ತ ತಂತ್ರಾಂಶದಲ್ಲಿ ಈ ತೊಡಕು ನಿವಾರಣೆಯಾಗಿದೆ. ಹೊಸದಾಗಿ ಶುರುಮಾಡುವವರಿಗೆ ನಾನು ಅದನ್ನೇ ಸೂಚಿಸುತ್ತೇನೆ. ಇಷ್ಟಾದ ಮೇಲೂ ಪರದೆಯ ಮೇಲೆ ಮಾತು ಕಡಿಮೆಯಿದ್ದಷ್ಟೂ ಒಳ್ಳೆಯದು. ಸಭೆಯಲ್ಲಿ ಯಾರಾದರೂ ಗಟ್ಟಿಯಾಗಿ ಓದಿ ಹೇಳುವಂತೆ ಸಂಭಾಷಣೆ ಬರೆದರೆ, ಓದು ಬಾರದ ಅಜ್ಜಿಯೂ ಆಟದಲ್ಲಿ ಪಾಲುಗೊಳ್ಳುತ್ತಾರೆ.

ಪರದೆಯೇ ಇಲ್ಲದ ದಾರಿಯೂ ಇದೆಯೆಂಬುದನ್ನು ಬಡ ತಂಡಗಳು ಮರೆಯಬಾರದು. ಡೆನ್ಮಾರ್ಕ್‌ನ ಡಿ ಗುಟೆ ಫ್ಯಾಬ್ರಿಕ್ ತಂಡದ ‘ಯೊಹಾನ್ ಸೆಬಾಸ್ಟಿಯನ್ ಜೌಸ್ಟ್’ನಲ್ಲಿ ಆಟಗಾರರು ಬೆಳಗುವ ಕಂಟ್ರೋಲರ್ ಹಿಡಿದು ಒಬ್ಬರನ್ನೊಬ್ಬರು ಅಲುಗಾಡಿಸಲು ಯತ್ನಿಸುತ್ತಾರೆ; ಜರ್ಮನಿಯ ಸಂಗೀತಕಾರ ಬಾಕ್‌ನ ಸಂಗೀತ ನಿಧಾನವಾದಾಗ ಕೈ ಸ್ವಲ್ಪ ಅಲುಗಿದರೂ ಸೋಲು, ವೇಗವಾದಾಗ ಓಡಾಡಲು ಅವಕಾಶ. ಕುಣಿತ ಬಲ್ಲವರಿಗೆ ಇದರ ನಿಯಮ ವಿವರಿಸುವ ಅಗತ್ಯವೇ ಬೀಳದು.

ಕಡೆಯದಾಗಿ ಉತ್ಸವದ ಸಂಘಟಕರಿಗೆ ಒಂದು ಮನವಿ. ಎಷ್ಟು ಹೊತ್ತಿಗೆ ಮುಗಿಯುತ್ತದೆಂದು ನಿಖರವಾಗಿ ಹೇಳಲಾಗದ ಪ್ರದರ್ಶನವನ್ನು ಸಭಾ ಕಾರ್ಯಕ್ರಮದ ಬಾಲಕ್ಕೆ ಕಟ್ಟಬೇಡಿ. ಅತಿಥಿಗಳು ತಡವಾಗಿ ಬಂದು, ಹಾರ ಶಾಲುಗಳು ಮುಗಿದು, ಉಳಿದ ನಲವತ್ತು ನಿಮಿಷವನ್ನು ಕಲಾವಿದರಿಗೆ ಬಿಡುವ ಪದ್ಧತಿಯನ್ನು ನಟರು ಮಾತು ಕತ್ತರಿಸಿ ಹೇಗೋ ನಿಭಾಯಿಸುತ್ತಾರೆ, ಆಡುತ್ತಿರುವ ಪ್ರೇಕ್ಷಕರ ಕೈಯಿಂದ ಕಂಟ್ರೋಲರ್ ಕಿತ್ತುಕೊಳ್ಳಲಾಗದು. ತಂಡಗಳೂ ತಮ್ಮ ಕಡೆಯಿಂದ ಗೇಮನ್ನು ತೊಂಬತ್ತು ನಿಮಿಷಕ್ಕೆ ಕಟ್ಟಿ ಎರಡೂವರೆ ಗಂಟೆಗೆ ಹಾಲ್ ಕೇಳಬೇಕು, ಯಾವ ದೃಶ್ಯದಿಂದ ಬೇಕಾದರೂ ಕೊನೆಯ ದೃಶ್ಯಕ್ಕೆ ಜಿಗಿಯುವ ಕೀಲಿಯೊಂದನ್ನು ರಂಗ ನಿರ್ವಾಹಕರ ಬಳಿ ಇಟ್ಟಿರಬೇಕು, ಮತ್ತು ತಾಲೀಮಿಗೆ ಗೆಳೆಯರನ್ನು ಕರೆಯದೆ ಕಂಟ್ರೋಲರ್ ಎಂದೂ ಮುಟ್ಟದವರನ್ನೇ ಕರೆಸಿ ಅವರು ಎಲ್ಲೆಲ್ಲಿ ಸಿಕ್ಕಿಕೊಳ್ಳುತ್ತಾರೆಂದು ಬರೆದಿಟ್ಟುಕೊಳ್ಳಬೇಕು.