ಕಲ್ಲಿದ್ದಲಿನ ಸೆಸ್ ಗಣಿ ಕಾರ್ಮಿಕರಿಗೆ ಹೋಗುತ್ತಿತ್ತಾ?

ಪ್ರಶ್ನೆ: ಕಲ್ಲಿದ್ದಲಿನ ಮೇಲೆ ಟನ್‌ಗೆ 400 ರೂಪಾಯಿ ಸೆಸ್ ಹಾಕುತ್ತಿದ್ದರಲ್ಲ, ಅದರಲ್ಲಿ ಗಣಿಗೆ ಇಳಿಯುವವರಿಗೆ ಏನಾದರೂ ಸಿಗುತ್ತಿತ್ತಾ? ಕಲ್ಲಿದ್ದಲು ಸಂಶೋಧನೆಗೆ ಸರ್ಕಾರ ಕೊಡುವ ದುಡ್ಡಿನಿಂದ ಅವರಿಗೇನು ಬಂತು?

ಮೊದಲ ಪ್ರಶ್ನೆಗೆ ಉತ್ತರ ಸುಲಭ. ಇಲ್ಲ. ಆ ಸೆಸ್ 2010ರಲ್ಲಿ ಟನ್‌ಗೆ 50 ರೂಪಾಯಿಯಿಂದ ಶುರುವಾಯಿತು. ಆಗ ಅದು ಶುದ್ಧ ಇಂಧನದ ಹೆಸರಿನಲ್ಲಿತ್ತು. 2016ಕ್ಕೆ 400 ಆಯಿತು. ಜಿಎಸ್‌ಟಿ ಬಂದ ಮೇಲೆ ರಾಜ್ಯಗಳ ನಷ್ಟ ತುಂಬಿಕೊಡುವ ಸೆಸ್ ಆಗಿ ವೇಷ ಬದಲಿಸಿತು. 2025ರ ಸೆಪ್ಟೆಂಬರ್‌ನಲ್ಲಿ ಅದನ್ನು ತೆಗೆದುಹಾಕಿ, ಕಲ್ಲಿದ್ದಲಿನ ಜಿಎಸ್‌ಟಿಯನ್ನೇ ಶೇ 5ರಿಂದ ಶೇ 18ಕ್ಕೆ ಏರಿಸಿದರು. ಇಷ್ಟೆಲ್ಲ ಆದರೂ ಗಣಿ ಕೆಲಸಗಾರರ ಹೆಸರು ಎಲ್ಲೂ ಬರಲಿಲ್ಲ.

ಹಿಂದೆ ಹೀಗಿರಲಿಲ್ಲ. 1943ರ ಡಿಸೆಂಬರ್‌ನಲ್ಲಿ ವೈಸರಾಯ್ ಮಂಡಳಿಯ ಕಾರ್ಮಿಕ ಸದಸ್ಯರಾಗಿದ್ದ ಅಂಬೇಡ್ಕರ್ ಧನ್‌ಬಾದ್ ಕಡೆಯ ಗಣಿಗಳಿಗೆ ಹೋಗಿ, ಭೂಮಿಯೊಳಗೆ ಇಳಿದು ನೋಡಿ ಬಂದರು. ಮರುವರ್ಷವೇ ಗಣಿ ಕಾರ್ಮಿಕರ ಕಲ್ಯಾಣ ನಿಧಿಯ ಸುಗ್ರೀವಾಜ್ಞೆ ಬಂತು. 1947ರಲ್ಲಿ ಅದು ಕಾಯ್ದೆಯಾಯಿತು. ಗಣಿಯಿಂದ ಹೊರಗೆ ಹೋಗುವ ಕಲ್ಲಿದ್ದಲಿನ ಮೇಲೆ ಸುಂಕ, ಆ ಸುಂಕ ಕಾರ್ಮಿಕರ ಮನೆಗೆ, ನೀರಿಗೆ, ಆಸ್ಪತ್ರೆಗೆ. ಧನ್‌ಬಾದ್‌ನ ಸೆಂಟ್ರಲ್ ಆಸ್ಪತ್ರೆ, ಅಸನ್ಸೋಲ್ ಪಕ್ಕದ ಕಲ್ಲಾ ಆಸ್ಪತ್ರೆ ನಡೆದದ್ದು ಈ ದುಡ್ಡಿನಲ್ಲೇ.

ಆಮೇಲೆ ಗಣಿಗಳ ರಾಷ್ಟ್ರೀಕರಣವಾಯಿತು, 1975ರಲ್ಲಿ ಕೋಲ್ ಇಂಡಿಯಾ ಬಂತು. ಕಂಪನಿಯೇ ಸರ್ಕಾರದ್ದು, ಪ್ರತ್ಯೇಕ ನಿಧಿ ಯಾಕೆ ಅಂತ 1986ರಲ್ಲಿ ಆ ಕಾಯ್ದೆಯನ್ನೇ ರದ್ದು ಮಾಡಿದರು. ಆಸ್ಪತ್ರೆಗಳು ಕಂಪನಿಗಳ ಕೈಗೆ ಹೋದವು. ಲೆಕ್ಕಕ್ಕೆ ಇದು ಸರಿ ಅನ್ನಿಸಬಹುದು. ಆದರೆ ನಿಧಿ ಇದ್ದಾಗ ಸೌಲಭ್ಯ ಗಣಿಯಲ್ಲಿ ದುಡಿಯುವವರದ್ದಾಗಿತ್ತು. ಈಗ ಅದು ಕಂಪನಿಯ ನೌಕರರದ್ದು. ಗುತ್ತಿಗೆ ಕೆಲಸಗಾರ ಜಾರಿಬೀಳುವುದು ಈ ಸಂದಿಯಲ್ಲೇ.

ಇನ್ನೂ ಗಟ್ಟಿಯಾಗಿ ಉಳಿದಿರುವುದು ಪಿಎಫ್. 1948ರ ಕಾಯ್ದೆಯದ್ದು, ಕಚೇರಿ ಧನ್‌ಬಾದ್‌ನಲ್ಲಿ. ಕೆಲಸಗಾರರಿಂದ ಶೇ 12, ಮಾಲೀಕರಿಂದ ಶೇ 12. ಪಿಂಚಣಿ ಯೋಜನೆ ಬಂದದ್ದು 1998ರಲ್ಲಿ. ಇದು ಗುತ್ತಿಗೆಯವರಿಗೂ ಅನ್ವಯಿಸುತ್ತದೆ. ಗುತ್ತಿಗೆದಾರ ಹೆಸರು ಬರೆಸಿದ್ದರೆ, ಅಷ್ಟೇ.

ಇನ್ನು ಸಂಶೋಧನೆ. ಕಲ್ಲಿದ್ದಲು ಸಚಿವಾಲಯ 1975ರಿಂದ ಇದಕ್ಕೆ ಅನುದಾನ ಕೊಡುತ್ತಿದೆ. ಯಾವ ಯೋಜನೆಗೆ ಕೊಡಬೇಕು ಅಂತ ಕಾರ್ಯದರ್ಶಿಯ ಅಧ್ಯಕ್ಷತೆಯ ಸಮಿತಿ ತೀರ್ಮಾನಿಸುತ್ತದೆ, ಉಸ್ತುವಾರಿ ಕೋಲ್ ಇಂಡಿಯಾದ್ದೇ ಆದ, ಗಣಿಗಳ ಯೋಜನೆ ಮಾಡಿಕೊಡುವ ರಾಂಚಿಯ ಸಿಎಂಪಿಡಿಐ ಸಂಸ್ಥೆಯದ್ದು. ಸಂಶೋಧನೆ ಅಂದರೆ ಕಲ್ಲಿದ್ದಲು ತೊಳೆಯುವುದು, ಅನಿಲ ಮಾಡುವುದು ಅಂತಲೇ ಜಾಸ್ತಿ ಜನ ಅಂದುಕೊಂಡಿದ್ದಾರೆ. ಅದೂ ಇದೆ. ಆದರೆ ನನಗೆ ಮುಖ್ಯ ಅನ್ನಿಸುವುದು ತಲೆಯ ಮೇಲಿನ ಕಲ್ಲಿನ ಸಂಶೋಧನೆ.

ಕೆಲಸ ಶುರು ಮಾಡುವ ಮೊದಲು ಗಣಿಯವರು ಕೋಲಿನಿಂದ ಮೇಲಿನ ಬಂಡೆಯನ್ನು ತಟ್ಟಿ ನೋಡುತ್ತಾರೆ. ಟಣ್ ಅಂದರೆ ಗಟ್ಟಿ. ಖಾಲಿ ಡಬ್ಬದ ಹಾಗೆ ಸದ್ದು ಬಂದರೆ ಪದರ ಬಿಟ್ಟುಕೊಂಡಿದೆ ಅಂತ ಅರ್ಥ. ಮಾರುಕಟ್ಟೆಯಲ್ಲಿ ತೆಂಗಿನಕಾಯಿ ತಟ್ಟಿ ನೋಡುತ್ತೇವಲ್ಲ, ಹಾಗೆ. ಇಲ್ಲಿ ತಪ್ಪಿದರೆ ಜೀವ ಹೋಗುತ್ತದೆ, ಅಷ್ಟೇ ವ್ಯತ್ಯಾಸ. ಧನ್‌ಬಾದ್‌ನ ಗಣಿ ಸಂಶೋಧನಾ ಸಂಸ್ಥೆಯವರು 1980ರ ದಶಕದಲ್ಲಿ ಈ ಅಂದಾಜಿನ ಜೊತೆಗೆ ಒಂದು ಲೆಕ್ಕವನ್ನೂ ಕೊಟ್ಟರು. ಬಂಡೆಗೆ ಪರೀಕ್ಷೆಯ ಹಾಗೆ 100ಕ್ಕೆ ಅಂಕ. ಪದರಗಳ ದಪ್ಪಕ್ಕೆ 30, ಬಿರುಕಿನಂಥ ದೋಷಗಳಿಗೆ 25, ನೀರು ಗಾಳಿ ತಾಗಿದರೆ ಎಷ್ಟು ತಡೆಯುತ್ತದೆ ಅನ್ನುವುದಕ್ಕೆ 20, ಕಲ್ಲಿನ ಬಲಕ್ಕೆ 15, ಜಿನುಗುವ ನೀರಿಗೆ 10. ಅಂಕ ನೋಡಿ, ಮೇಲಿನ ಪದರಗಳನ್ನು ಬಿಗಿದಿಡಲು ಎಷ್ಟು ದೂರಕ್ಕೊಂದು ಉಕ್ಕಿನ ಬೋಲ್ಟ್ ಹೊಡೆಯಬೇಕು ಅಂತ ನಿರ್ಧರಿಸುತ್ತಾರೆ. ಮರದ ಕಂಬ ನಿಲ್ಲಿಸಿ ದೇವರ ಮೇಲೆ ಭಾರ ಹಾಕುವ ಕಾಲ ಹೀಗೆ ಹಿಂದೆ ಸರಿಯಿತು. ಇದನ್ನು ಸಂಶೋಧನೆ ಅನ್ನಬೇಕಾ, ಕಲ್ಯಾಣ ಅನ್ನಬೇಕಾ?

ನಮ್ಮ ರಾಜ್ಯದಲ್ಲಿ ಕಲ್ಲಿದ್ದಲು ಇಲ್ಲ. ರಾಯಚೂರಿನ ಶಕ್ತಿನಗರದ ವಿದ್ಯುತ್ ಸ್ಥಾವರದ ಒಲೆಗೆ ತೆಲಂಗಾಣದ ಸಿಂಗರೇಣಿಯಂಥ ಕಡೆಯಿಂದಲೇ ಬರಬೇಕು. ಆದರೆ ಬಂಡೆ ಸಿಡಿತ, ಅಂದರೆ ಒತ್ತಡ ತಾಳದೆ ಆಳದ ಬಂಡೆ ಒಮ್ಮೆಲೇ ಸಿಡಿಯುವುದು, ಏನು ಅಂತ ಕೆಜಿಎಫ್‌ನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1988ರಲ್ಲಿ, ಭಾರ ಬಿದ್ದಾಗ ಬಂಡೆ ಹೇಗೆ ವರ್ತಿಸುತ್ತದೆ ಅಂತ ಅಧ್ಯಯನ ಮಾಡುವ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ ಶುರುವಾದದ್ದು ಅಲ್ಲೇ. 2001ರಲ್ಲಿ ಚಿನ್ನದ ಗಣಿ ಮುಚ್ಚಿತು, ಸಂಸ್ಥೆ ಉಳಿಯಿತು.

ಸಂಶೋಧನೆಗೂ ಪೂರ್ತಿ ದಕ್ಕದೆ ಉಳಿದದ್ದು ಶ್ವಾಸಕೋಶ ಕೆಡಿಸುವ ಗಣಿಯ ಧೂಳು. ಐದು ವರ್ಷಕ್ಕೊಮ್ಮೆ ಎದೆಯ ಎಕ್ಸ್‌ರೇ ತೆಗೆಯಬೇಕು ಅಂತ 1955ರ ಗಣಿ ನಿಯಮಗಳಲ್ಲೇ ಇತ್ತು. ಹಳೆಯ ಎಕ್ಸ್‌ರೇ ಪಕ್ಕದಲ್ಲಿ ಹೊಸದನ್ನು ಇಟ್ಟು ನೋಡಿದರೆ ತಾನೇ ಶ್ವಾಸಕೋಶ ಎಷ್ಟು ಕೆಟ್ಟಿದೆ ಅಂತ ಗೊತ್ತಾಗುವುದು? ಎರಡು ವರ್ಷಕ್ಕೊಬ್ಬ ಗುತ್ತಿಗೆದಾರನ ಕೈಕೆಳಗೆ ದುಡಿಯುವವನ ಹಳೆಯ ಎಕ್ಸ್‌ರೇ ಯಾರ ಹತ್ತಿರ ಇರುತ್ತದೆ?