ಒಂದೇ ಸೈಟು ಇಬ್ಬರಿಗೆ ಮಾರಿದರೆ ಹಕ್ಕು ಯಾರದು?

ಇಂಥ ಪ್ರಶ್ನೆ ಬಂದಾಗ ಮೊದಲು ನೋಡಬೇಕಾದ್ದು ಇಷ್ಟೇ: ಮೊದಲು ಕೊಂಡವರ ಕೈಯಲ್ಲಿರುವುದು ಕ್ರಯಪತ್ರವೋ, ಬರೀ ಸೇಲ್ ಅಗ್ರಿಮೆಂಟೋ?

ಕ್ರಯಪತ್ರ ಆಗಿದ್ದರೆ ಆಸ್ತಿ ವರ್ಗಾವಣೆ ಕಾಯ್ದೆ 1882ರ ಕಲಂ 48 ಸಾಕು. ಮೊದಲು ಹುಟ್ಟಿದ ಹಕ್ಕೇ ಮೇಲು. ಮಾರಿದ ಮೇಲೆ ಮಾಲೀಕನ ಹತ್ತಿರ ಮತ್ತೆ ಮಾರಲು ಏನಿರುತ್ತದೆ, ಅಲ್ವಾ? ಕಾನೂನು ಪರೀಕ್ಷೆಯಲ್ಲಿ ಎಡವುವುದು ದಿನಾಂಕದ ಹತ್ತಿರ. ಉದಾಹರಣೆಗೆ, ಮೊದಲನೆಯವರಿಗೆ ಮಾರ್ಚ್ 3ರಂದು ಕ್ರಯಪತ್ರ ಬರೆದುಕೊಟ್ಟರು, ನೋಂದಣಿ ಆಗಿದ್ದು ಮೇನಲ್ಲಿ. ಎರಡನೆಯವರಿಗೆ ಏಪ್ರಿಲ್‌ನಲ್ಲೇ ಬರೆದು ಅವತ್ತೇ ನೋಂದಣಿಯನ್ನೂ ಮಾಡಿಸಿದರು. ಆದರೂ ಗೆಲ್ಲುವುದು ಮೊದಲನೆಯವರೇ. ನೋಂದಣಿ ಕಾಯ್ದೆ 1908ರ ಕಲಂ 47ರ ಪ್ರಕಾರ, ನೋಂದಣಿಯಾದ ಪತ್ರ ಬರೆದುಕೊಟ್ಟ ದಿನದಿಂದಲೇ ಲೆಕ್ಕಕ್ಕೆ ಬರುತ್ತದೆ. ಪತ್ರವನ್ನು ನೋಂದಣಿಗೆ ಕೊಡಲು ಕಲಂ 23 ನಾಲ್ಕು ತಿಂಗಳ ಸಮಯ ಕೊಡುತ್ತದೆ. ನೋಂದಣಿಯೇ ಮಾಡಿಸದೆ ಸುಮ್ನೆ ಪತ್ರ ಇಟ್ಟುಕೊಂಡವರಿಗೆ ಈ ಲಾಭ ಇಲ್ಲ.

ಜಾಸ್ತಿ ಕೇಸುಗಳು ಬರುವುದು ಅಗ್ರಿಮೆಂಟ್ ವಿಷಯದಲ್ಲಿ. ಆಸ್ತಿ ವರ್ಗಾವಣೆ ಕಾಯ್ದೆಯ ಕಲಂ 54 ಹೇಳುವಂತೆ ಅಗ್ರಿಮೆಂಟ್ ಒಂದರಿಂದಲೇ ಆಸ್ತಿಯಲ್ಲಿ ಹಕ್ಕು ಹುಟ್ಟುವುದಿಲ್ಲ. ಹಾಗಂತ ಕೈಚೆಲ್ಲಬೇಕಿಲ್ಲ. ನಿರ್ದಿಷ್ಟ ಪರಿಹಾರ ಕಾಯ್ದೆ 1963ರ ಕಲಂ 19(ಬಿ) ಅಡಿ, ಅಗ್ರಿಮೆಂಟಿನಂತೆ ಕ್ರಯಪತ್ರ ಮಾಡಿಕೊಡಿ ಎಂದು ಆಮೇಲೆ ಕೊಂಡವರ ಮೇಲೂ ದಾವೆ ನಡೆಯುತ್ತದೆ. ಅವರು ಪಾರಾಗಬೇಕಾದರೆ ಹಣ ಕೊಟ್ಟು, ಒಳ್ಳೆ ನಂಬಿಕೆಯಿಂದ, ಹಳೆಯ ಅಗ್ರಿಮೆಂಟ್ ಗೊತ್ತಿಲ್ಲದೆ ಕೊಂಡಿರಬೇಕು. ಅದನ್ನು ತೋರಿಸುವ ಹೊಣೆಯೂ ಅವರದೇ. "ನನಗೆ ಗೊತ್ತಿರಲಿಲ್ಲ" ಎಂದರೆ ಮುಗಿಯಲಿಲ್ಲ. ಮೊದಲನೆಯವರು ಆ ಜಾಗದ ಸ್ವಾಧೀನದಲ್ಲಿದ್ದರೆ, ಆಸ್ತಿ ವರ್ಗಾವಣೆ ಕಾಯ್ದೆಯ ಕಲಂ 3ರ ವಿವರಣೆಯಂತೆ ಅವರ ಹಕ್ಕು ಕೊಳ್ಳುವವರಿಗೆ ಗೊತ್ತಿತ್ತು ಎಂದೇ ಕಾನೂನು ಭಾವಿಸುತ್ತದೆ. ಅದಕ್ಕೇ ಇ.ಸಿ. (ಋಣಭಾರ ಪ್ರಮಾಣಪತ್ರ) ಒಂದನ್ನೇ ನಂಬುವುದು ಅರ್ಧ ಕೆಲಸ ಅನಿಸುತ್ತದೆ. ನೋಂದಣಿಯಾಗದ ಅಗ್ರಿಮೆಂಟ್ ಅದರಲ್ಲಿ ಕಾಣುವುದೇ ಇಲ್ಲ.

ದಾವೆ ಗೆದ್ದರೆ ಡಿಕ್ರಿ (ಕೋರ್ಟಿನ ತೀರ್ಪಿನ ಆದೇಶ) ಹೇಗಿರಬೇಕು ಎನ್ನುವುದನ್ನು ಸುಪ್ರೀಂ ಕೋರ್ಟ್ ಲಾಲಾ ದುರ್ಗಾ ಪ್ರಸಾದ್ ಪ್ರಕರಣದಲ್ಲಿ (1954) ಹೇಳಿದೆ. ಮಾರಿದವರ ಜೊತೆ ಎರಡನೇ ಖರೀದಿದಾರರೂ ಸೇರಿ ಕ್ರಯಪತ್ರಕ್ಕೆ ಸಹಿ ಹಾಕಬೇಕು. ಈ ದಾವೆ ಹೂಡಲು ಗಡುವು ಮೂರು ವರ್ಷ. ಅಗ್ರಿಮೆಂಟಿನಲ್ಲಿ ದಿನ ಗೊತ್ತು ಮಾಡಿದ್ದರೆ ಅಲ್ಲಿಂದ, ಇಲ್ಲದಿದ್ದರೆ ಮಾಲೀಕ ಒಲ್ಲೆ ಎಂದದ್ದು ತಿಳಿದಾಗಿನಿಂದ.

ಸೋತ ಎರಡನೆಯವರು ಮಾರಿದವರಿಂದ ಹಣ, ನಷ್ಟ ಕೇಳಬಹುದು, ಏಕೆಂದರೆ ಆಸ್ತಿ ವರ್ಗಾವಣೆ ಕಾಯ್ದೆಯ ಕಲಂ 55(2) ಪ್ರಕಾರ ಮಾರುವವರು ಹಕ್ಕಿನ ಭರವಸೆ ಕೊಟ್ಟಂತೆಯೇ. ಭಾರತೀಯ ನ್ಯಾಯ ಸಂಹಿತೆಯ ಕಲಂ 318ರಡಿ ವಂಚನೆಯ ದೂರನ್ನೂ ಕೊಡಬಹುದು. ಆದರೆ ಸೈಟು ಯಾರದು ಎಂದು ತೀರ್ಮಾನಿಸುವುದು ಪೊಲೀಸರಲ್ಲ, ಸಿವಿಲ್ ಕೋರ್ಟು.