ಅಂಡಮಾನ್‌ಗೆ ಹನಿಮೂನಾ? ಒಂದು ದಿನ ಖಾಲಿ ಬಿಡಿ

ಭಾನುವಾರ ಮದುವೆ, ಸೋಮವಾರ ಬೀಗರ ಊಟ, ಮಂಗಳವಾರ ಬೆಳಗಿನ ಜಾವ ಅಂಡಮಾನ್ ವಿಮಾನ. ನನ್ನ ಹತ್ತಿರ ಟ್ರಿಪ್ ಮಾಡಿಸಲು ಬರುವ ಬಹುತೇಕ ಜೋಡಿಗಳು ಕೇಳುವುದು ಇದನ್ನೇ. ದಯವಿಟ್ಟು ಬೇಡ ಅನ್ನುತ್ತೇನೆ. ವಾರದಿಂದ ನಿದ್ದೆ ಇಲ್ಲ, ಆರತಕ್ಷತೆಯಲ್ಲಿ ನಿಂತು ನಿಂತು ಕಾಲು ಊದಿರುತ್ತದೆ. ಎರಡು ದಿನ ಮನೆಯಲ್ಲಿ ಚೆನ್ನಾಗಿ ಮಲಗಿ ಎದ್ದು ಹೊರಡಿ.

ಟಿಕೆಟ್‌ನಲ್ಲಿ ಹುಡುಗಿಯ ಹೆಸರು ಆಧಾರ್‌ನಲ್ಲಿ ಇರುವ ಹಾಗೆಯೇ ಇರಲಿ. ಗಂಡನ ಹೆಸರು ಸೇರಿಸಿ ಬುಕ್ ಮಾಡಿ, ಏರ್‌ಪೋರ್ಟ್ ಬಾಗಿಲಲ್ಲಿ ಕಣ್ಣೀರು ಹಾಕಿದವರನ್ನು ನೋಡಿದ್ದೇನೆ. ಇನ್ನೊಂದು, ವಿಮಾನ ಇಳಿಯುವ ಪೋರ್ಟ್ ಬ್ಲೇರ್‌ಗೆ 2024ರಿಂದ ಶ್ರೀ ವಿಜಯಪುರಂ ಅಂತ ಹೆಸರು. ಹ್ಯಾವ್‌ಲಾಕ್ ದ್ವೀಪ 2018ರಲ್ಲೇ ಸ್ವರಾಜ್ ದ್ವೀಪ ಆಯಿತು, ನೀಲ್ ದ್ವೀಪ ಶಹೀದ್ ದ್ವೀಪ ಆಯಿತು. ಬುಕಿಂಗ್‌ನಲ್ಲಿ ಹಳೆಯದು ಹೊಸದು ಎರಡೂ ಕಾಣುತ್ತವೆ, ಗಾಬರಿ ಆಗಬೇಡಿ.

ಡಿಸೆಂಬರ್‌ನಿಂದ ಏಪ್ರಿಲ್ ಒಳ್ಳೆಯ ಕಾಲ. ನಮಗೆ ಜೂನ್‌ನಲ್ಲಿ ಬರುವ ಮುಂಗಾರು ಅಲ್ಲಿಗೆ ಮೇ ತಿಂಗಳಲ್ಲೇ ಮುಟ್ಟುತ್ತದೆ. ಸಮುದ್ರ ಕೆರಳಿದರೆ ದ್ವೀಪಗಳ ನಡುವಿನ ಫೆರಿ ರದ್ದಾಗುತ್ತದೆ, ವಿಮಾನ ನಿಮಗಾಗಿ ಕಾಯುವುದಿಲ್ಲ. ಅದಕ್ಕೇ ಕೊನೆಯ ರಾತ್ರಿ ಪೋರ್ಟ್ ಬ್ಲೇರ್‌ನಲ್ಲೇ ಇರಲಿ ಅಂತ ಹಟ ಹಿಡಿಯುತ್ತೇನೆ. ಸ್ಕೂಬಾ ಮಾಡಿದವರು ವಿಮಾನ ಹತ್ತುವ ಮುಂಚೆ ಕನಿಷ್ಠ 18 ಗಂಟೆ, ಸಾಧ್ಯವಾದರೆ 24 ಗಂಟೆ ಬಿಡಬೇಕು. ಆ ರಾತ್ರಿ ಅದಕ್ಕೂ ಆಗುತ್ತದೆ.

ಆರು ರಾತ್ರಿ ಇದ್ದರೆ ಮೂರು ಹ್ಯಾವ್‌ಲಾಕ್‌ಗೆ ಕೊಡಿ, ಅದರಲ್ಲಿ ಒಂದು ಹಗಲು ಪೂರ್ತಿ ಖಾಲಿ. ಮನೆಯವರು ನೋಡಿ ಒಪ್ಪಿದ ಮದುವೆಯಾದರೆ ಇದು ಇನ್ನೂ ಮುಖ್ಯ. ಫೋನಿನಲ್ಲಿ ಮಾತಾಡಿದ್ದು ಬಿಟ್ಟರೆ ಇಬ್ಬರೇ ಕೂತು ಊಟ ಮಾಡಿರುವುದೇ ಕಮ್ಮಿ, ಅಲ್ವಾ? ಹಾಗಿರುವಾಗ ಬೆಳಿಗ್ಗೆ ಆರಕ್ಕೆ ಟ್ಯಾಕ್ಸಿ, ಒಂಬತ್ತಕ್ಕೆ ಬೋಟ್, ಎರಡಕ್ಕೆ ಮ್ಯೂಸಿಯಂ ಅಂತ ಓಡಿಸಿದರೆ ಮಾತಾಡುವುದು ಯಾವಾಗ? ಆ ಒಂದು ದಿನ ತಡವಾಗಿ ಎದ್ದು, ಎಳನೀರು ಕುಡಿದು, ಸುಮ್ನೆ ಮರಳಲ್ಲಿ ಕೂತಿರಿ.

ಹ್ಯಾವ್‌ಲಾಕ್‌ನ ರಾಧಾನಗರ ಬೀಚ್‌ಗೆ ಸಂಜೆ ನಾಲ್ಕರೊಳಗೆ ಹೋಗಿ. ಗಡಿಯಾರ ನಮ್ಮದೇ ಆದರೂ ಆ ದ್ವೀಪ ಅಷ್ಟು ಪೂರ್ವಕ್ಕಿದೆ, ಡಿಸೆಂಬರ್‌ನಲ್ಲಿ ಐದು ಗಂಟೆ ಹೊತ್ತಿಗೆ ಸೂರ್ಯ ಮುಳುಗಿಯೇ ಬಿಡುತ್ತಾನೆ. ಪೂರ್ವ ದಂಡೆಯ ವಿಜಯನಗರ ಬೀಚಿನ ರೆಸಾರ್ಟ್ ಆದರೆ ಇಳಿತದ ಹೊತ್ತು ಕೇಳಿಕೊಳ್ಳಿ. ನೀರು ದೂರ ಸರಿದು ಕಲ್ಲು, ಪಾಚಿ ಮೇಲೆದ್ದಿರುತ್ತವೆ, ಆಗ ಈಜಲು ಆಗುವುದಿಲ್ಲ.

ಸ್ನಾರ್ಕೆಲಿಂಗ್‌ಗೆ ಇಳಿಯುವ ಮುಂಚೆ ಹೊಸ ಬಳೆ, ಸಡಿಲ ಉಂಗುರ ತೆಗೆದು ರೂಮಿನ ಲಾಕರ್‌ನಲ್ಲಿಡಿ. ತಾಳಿ ತೆಗೆಯಲು ಮನಸ್ಸು ಬಾರದಿದ್ದರೆ ಮನೆಯಿಂದಲೇ ಅರಿಶಿನ ದಾರದಲ್ಲಿ ಕಟ್ಟಿಸಿಕೊಂಡು ಬನ್ನಿ, ಚಿನ್ನದ ಸರ ಊರಲ್ಲಿರಲಿ. ಒಬ್ಬ ಹುಡುಗಿ ಎಲಿಫೆಂಟ್ ಬೀಚ್‌ನಲ್ಲಿ ಅರ್ಧ ಗಂಟೆ ಒಂದು ಕೈಯಲ್ಲಿ ಕತ್ತು ಹಿಡಿದುಕೊಂಡೇ ತೇಲುತ್ತಿದ್ದಳು. ಕೆಳಗೆ ಹವಳ, ಬಣ್ಣಬಣ್ಣದ ಮೀನು. ಅವಳ ಗಮನವೆಲ್ಲ ಸರದ ಮೇಲೆ.

ಎಲ್ಲರೂ ಹುಣ್ಣಿಮೆ ನೋಡಿಕೊಂಡು ದಿನಾಂಕ ಕೇಳುತ್ತಾರೆ. ನಾನು ಅಮಾವಾಸ್ಯೆಯ ಆಸುಪಾಸು ಹೇಳುತ್ತೇನೆ. ಮನೆಯಲ್ಲಿ ಹಿರಿಯರು ಬೇಡ ಅಂದರೆ ಎರಡು ದಿನ ಆಚೆ ಈಚೆ ಮಾಡಿ. ಆ ಕತ್ತಲಲ್ಲಿ ಹ್ಯಾವ್‌ಲಾಕ್‌ನಲ್ಲಿ ಗೈಡ್ ಜೊತೆ ಕಯಾಕ್ ಹತ್ತಿ, ಅದೃಷ್ಟ ಇದ್ದರೆ ಹುಟ್ಟು ಹಾಕಿದ ಕಡೆಯೆಲ್ಲ ನೀರು ನೀಲಿಯಾಗಿ ಮಿನುಗುತ್ತದೆ. ಟಾರ್ಚ್, ಫೋನು ಎರಡೂ ಆರಿಸಿ, ಕೈ ಅದ್ದಿ ನೋಡಿ.